ಏರ್‌ಫ್ಲೋ: ಮೂರು ಕೊಯ್ಲು ಬಳಸಿದ ಮೇಲೆ

ಚಿಕ್ಕಮಗಳೂರಿನ ನಮ್ಮ ಕಾಫಿ ವ್ಯಾಪಾರದ ಕಚೇರಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ದರವನ್ನೂ ಲಂಡನ್ನಿನ ರೊಬಸ್ಟಾ ದರವನ್ನೂ ತಂದು, 50 ಕೆ.ಜಿ. ಮೂಟೆಯ ಲೆಕ್ಕಕ್ಕೆ ಇಳಿಸಿ, ಬೆಳಿಗ್ಗೆ ಆರಕ್ಕೆ ಬೆಳೆಗಾರರ ಮೊಬೈಲಿಗೆ ಕಳಿಸುವ ಕೆಲಸವನ್ನು ಮೂರು ಕೊಯ್ಲಿನಿಂದ, ಹೇಳಿದ ಹೊತ್ತಿಗೆ ಕೆಲಸಗಳನ್ನು ಸಾಲಾಗಿ ನಡೆಸುವ ತಂತ್ರಾಂಶವಾದ ಅಪಾಚೆ ಏರ್‌ಫ್ಲೋ ಎರಡನೇ ಆವೃತ್ತಿ ಮಾಡುತ್ತಿದೆ. ಕೆಲಸ ನಡೆಸುವುದರಲ್ಲಿ ಅದನ್ನು ದೂರುವಂತಿಲ್ಲ. ನಾವು ಸೆಟ್ಟಿಂಗ್ ತಪ್ಪಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಕೆಲಸದ ವಿವರ ಬರೆದ ಪೈಥಾನ್ ಕಡತದಲ್ಲಿ ವ್ಯಾಕರಣದೋಷವಿದ್ದರೆ (ಸಿಂಟ್ಯಾಕ್ಸ್ ತಪ್ಪು) ಪುಟದ ನೆತ್ತಿಯಲ್ಲೇ ಕಡತದ ಹೆಸರು, ಸಾಲಿನ ಸಂಖ್ಯೆ ಸಮೇತ ಕೆಂಪು ಪಟ್ಟಿ ಕಾಣಿಸುತ್ತದೆ. ಇದು ನಿಜಕ್ಕೂ ಉಪಕಾರ. ಬರಹ ಸರಿಯಿದ್ದು ಉದ್ದೇಶ ತಪ್ಪಿದಾಗಲೇ ತೊಂದರೆ. ಸಮಯವಲಯ ಹೇಳದಿದ್ದರೆ ಏರ್‌ಫ್ಲೋ ಯುಟಿಸಿಯನ್ನೇ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯವನ್ನೇ, ಹಿಡಿಯುತ್ತದೆ. ನಾವು ಆರು ಗಂಟೆ ಎಂದು ಬರೆದದ್ದು ಇಲ್ಲಿನ 11.30 ಆಯಿತು. "ಕಾಯಿ ಮಾರಿ ಮನೆಗೆ ಬಂದ ಮೇಲೆ ರೇಟು ಕಳಿಸಿದ್ದೀರಲ್ಲ ಸ್ವಾಮಿ" ಎಂದು ಬೆಳೆಗಾರರೊಬ್ಬರು ಫೋನ್ ಮಾಡಿದ ಮೇಲೆಯೇ ಪರದೆಯ ಬಲಮೂಲೆಯ ಗಡಿಯಾರದ ಪಕ್ಕದಲ್ಲಿದ್ದ ಯುಟಿಸಿ ಎಂಬ ಮೂರಕ್ಷರ ನಮ್ಮ ಕಣ್ಣಿಗೆ ಬಿದ್ದದ್ದು.

ಇನ್ನೊಮ್ಮೆ ಆರಂಭದ ದಿನ ಡಿಸೆಂಬರ್ 1 ಎಂದು ಬರೆದು 12ರಂದು ಚಾಲೂ ಮಾಡಿದಾಗ, ಬಾಕಿ ದಿನಗಳನ್ನೆಲ್ಲ ತುಂಬಿಕೊಳ್ಳುವ ಕ್ಯಾಚಪ್ ಸೆಟ್ಟಿಂಗಿನಿಂದಾಗಿ ಒಬ್ಬೊಬ್ಬರಿಗೂ ಹನ್ನೊಂದು ಸಂದೇಶ ಹೋದವು. 2025ರ ಮೂರನೇ ಆವೃತ್ತಿಯಲ್ಲಿ ಇದು ತಾನಾಗಿ ಚಾಲೂ ಇರುವುದಿಲ್ಲ, ಒಳ್ಳೆಯ ನಿರ್ಧಾರ.

ನನ್ನನ್ನು ಹೆಚ್ಚು ಕಾಡಿದ್ದು ಮರುಪ್ರಯತ್ನದ ವಿಷಯ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗಿ ಬರುವ ನಮ್ಮೂರಿಗೆ ಹತ್ತು ನಿಮಿಷಕ್ಕೊಮ್ಮೆ ಐದು ಬಾರಿ ಮರಳಿ ಯತ್ನಿಸುವ ಸೆಟ್ಟಿಂಗ್ ಬೇಕೇ ಬೇಕು. ಆದರೆ ದರ ತರುವ ಕನೆಕ್ಷನ್ನಿನ (ಎಲ್ಲಿಂದ, ಹೇಗೆ ತರಬೇಕೆಂದು ಉಳಿಸಿಟ್ಟ ವಿವರದ) ಹೆಸರಿನಲ್ಲಿ ಒಂದಕ್ಷರ ತಪ್ಪಿದ ದಿನವೂ ಅದು ಐವತ್ತು ನಿಮಿಷ ಅದೇ ಇಲ್ಲದ ಹೆಸರನ್ನು ಹುಡುಕಿತು. ಆ ಹೆಸರಿನ ಕನೆಕ್ಷನ್ ಇಲ್ಲವೆಂದು ಮೊದಲ ಪ್ರಯತ್ನದ ಲಾಗ್ ದಾಖಲೆಯಲ್ಲೇ ಸ್ಪಷ್ಟವಾಗಿತ್ತು. ಕಾದರೆ ಸರಿಹೋಗುವ ದೋಷವನ್ನೂ ಮನುಷ್ಯ ಬಂದು ತಿದ್ದಬೇಕಾದ ದೋಷವನ್ನೂ ಬೇರೆಯಾಗಿ ಕಾಣುವ ಹೊಣೆಯನ್ನು ಮಾತ್ರ ಏರ್‌ಫ್ಲೋ ಬಳಕೆದಾರರಿಗೇ ಬಿಟ್ಟಿದೆ. ಅದಕ್ಕೆ ಉಪಾಯವೂ ಅದರಲ್ಲೇ ಇದೆ: ಏರ್‌ಫ್ಲೋಫೇಲ್‌ಎಕ್ಸೆಪ್ಷನ್ ಎಂಬ ದೋಷಸೂಚನೆಯನ್ನು ನಮ್ಮ ಕೋಡಿನಿಂದ ಎಬ್ಬಿಸಿದರೆ ಉಳಿದ ಪ್ರಯತ್ನಗಳನ್ನು ಬಿಟ್ಟು ಕೆಲಸ ಅಲ್ಲಿಗೇ ವಿಫಲವಾಗುತ್ತದೆ. ಈಗ ನಮ್ಮ ಸರಪಳಿಯ ಮೊದಲ ಹೆಜ್ಜೆ ಕನೆಕ್ಷನ್, ಸಮಯವಲಯ, ಬೆಳೆಗಾರರ ಪಟ್ಟಿ ಈ ಮೂರನ್ನು ನೋಡುತ್ತದೆ. ಒಂದು ತಪ್ಪಿದ್ದರೂ ಅಲ್ಲೇ ನಿಂತು, ಕೂಡಲೇ ನನ್ನ ಫೋನಿಗೆ ಸಂದೇಶ ಬರುತ್ತದೆ.