ಅಕ್ವೇರಿಯಂನಲ್ಲಿ ಬಿಳಿ ಹುಳು ಕಂಡಿತೇ? ಔಷಧಿ ಬಾಟಲಿಗೆ ಕೈ ಹಾಕಬೇಡಿ

ಟ್ಯಾಂಕಿನ ದೀಪ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಾಯಿಸಿದರೆ, ಜಲ್ಲಿಗೆ ತಾಗಿದ ಗಾಜಿನ ಮೇಲೆ ಕೂದಲೆಳೆಯಂಥ ಬಿಳಿ ಹುಳುಗಳು ಬಳುಕುತ್ತಿರುತ್ತವೆ. ಅದನ್ನು ಮೊದಲ ಸಲ ನೋಡಿದವರು ಗಾಬರಿಯಲ್ಲಿ ಅದೇ ದಿನ ಜಂತುನಾಶಕ ಸುರಿಯುತ್ತಾರೆ, ಜೊತೆಗೆ ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿದು ಬಿಳುಪಾಗುವವರೆಗೆ ಹಿಂಡುತ್ತಾರೆ. ಮರುದಿನ ನೀರು ಹಾಲಿನ ಹಾಗೆ ಮಬ್ಬು. ಮೂರನೆಯ ದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯತೊಡಗುತ್ತವೆ, ಆಮೇಲೆ ಒಂದೊಂದಾಗಿ ಸಾಯುತ್ತವೆ. ಹುಳು ಮಾತ್ರ ತಿಂಗಳೊಪ್ಪತ್ತಿನಲ್ಲಿ ಮತ್ತೆ ಹಾಜರು.

ಮೀನು ಸತ್ತದ್ದು ಹುಳುವಿನಿಂದಲ್ಲ, ಚಿಕಿತ್ಸೆಯಿಂದ. ಜಲ್ಲಿಯೊಳಗೆ ಸಾವಿರಗಟ್ಟಲೆ ಹುಳು ಒಂದೇ ರಾತ್ರಿ ಸತ್ತು ಕೊಳೆತರೆ ಅಮೋನಿಯ ಏರುತ್ತದೆ. ಕೊಳೆಸುವ ಬ್ಯಾಕ್ಟೀರಿಯ ನೀರಿನಲ್ಲಿದ್ದ ಆಮ್ಲಜನಕವನ್ನೂ ಹೀರಿಬಿಡುತ್ತದೆ. ಆ ಅಮೋನಿಯವನ್ನು ನೈಟ್ರೈಟ್, ನೈಟ್ರೇಟ್ ಆಗಿ ಬದಲಿಸಬೇಕಾದ ಬ್ಯಾಕ್ಟೀರಿಯ ಬಹುಪಾಲು ಇರುವುದು ಅದೇ ಸ್ಪಾಂಜಿನಲ್ಲಿ. ನಲ್ಲಿ ನೀರಿನ ಕ್ಲೋರಿನ್ ಅದರಲ್ಲಿ ಬಹಳಷ್ಟನ್ನು ಆಗಲೇ ಕೊಂದಿರಬಹುದು. ಮತ್ತೆ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8 ದಾಟಿದ್ದರಂತೂ ಅಷ್ಟೇ ಅಮೋನಿಯ ಇನ್ನಷ್ಟು ವಿಷ.

ಮೊದಲು ಹುಳು ಯಾವುದೆಂದು ನೋಡಿ. ಒಂದು ಭೂತಗನ್ನಡಿ ಸಾಕು. ದಾರದಂತೆ ದುಂಡಗೆ, ಹಾವಿನಂತೆ ನುಲಿಯುತ್ತ ಹೋಗುವುದು ಡೆಟ್ರೈಟಸ್ ಹುಳು. ಅದು ಎರೆಹುಳುವಿನ ದೂರದ ನೆಂಟ, ಕೊಳೆತದ್ದನ್ನು ತಿಂದು ಬದುಕುತ್ತದೆ, ಮೀನಿನ ತಂಟೆಗೆ ಬರುವುದಿಲ್ಲ. ಚಪ್ಪಟೆ ಮೈ, ತ್ರಿಕೋನ ತಲೆ, ಅದರ ಮೇಲೆ ಮೆಳ್ಳಗಣ್ಣಿನಂಥ ಎರಡು ಚುಕ್ಕೆ, ನುಲಿಯದೆ ಗಾಜಿನ ಮೇಲೆ ಜಾರಿಕೊಂಡು ಹೋದರೆ ಅದು ಪ್ಲನೇರಿಯ. ಸೀಗಡಿ ಸಾಕುವವರು ಚಿಂತಿಸಬೇಕಾದ್ದು ಇದಕ್ಕೆ. ಸೀಗಡಿ ಮರಿ, ಮೊಟ್ಟೆ ಎರಡನ್ನೂ ಬಿಡುವುದಿಲ್ಲ. ಮೀನಿನ ಗುದದ್ವಾರದಿಂದ ಕೆಂಪು ಎಳೆಗಳು ಹೊರಚಾಚಿದ್ದರೆ ವಿಷಯ ಬೇರೆ, ಅದು ಕಮಲ್ಲಾನಸ್ ಎಂಬ ಪರೋಪಜೀವಿ. ಅದಕ್ಕೆ ಔಷಧಿ ಬೇಕೇ ಬೇಕು.

ಡೆಟ್ರೈಟಸ್ ಹುಳುವಾದರೆ ಅದರ ಊಟ ನಿಲ್ಲಿಸಿ. ಅಂದರೆ ನಿಮ್ಮ ಕೈಯ ಅಳತೆ ಸರಿಪಡಿಸಿಕೊಳ್ಳಿ: ಎರಡು ನಿಮಿಷದಲ್ಲಿ ಮುಗಿಯುವಷ್ಟು ಆಹಾರ, ದಿನಕ್ಕೆ ಒಮ್ಮೆ, ವಾರದಲ್ಲಿ ಒಂದು ದಿನ ಉಪವಾಸ. ಆರೋಗ್ಯವಂತ ದೊಡ್ಡ ಮೀನಿಗೆ ಒಂದು ದಿನದ ಉಪವಾಸದಿಂದ ಏನೂ ಆಗದು. ನಂತರ ಸೈಫನ್, ಅಂದರೆ ತಳದ ಕೊಳೆಯನ್ನು ನೀರಿನ ಸಮೇತ ಹೀರಿ ಹೊರಹಾಕುವ ಕೊಳವೆ. ಅಗಲ ಬಾಯಿಯ ಕೊಳವೆಯನ್ನು ಜಲ್ಲಿಯ ತಳದವರೆಗೆ ಚುಚ್ಚಿ ಹಿಡಿಯಿರಿ. ಕಲ್ಲುಗಳು ಕೊಳವೆಯೊಳಗೆ ಕುಣಿದು ಕೆಳಗೆ ಬೀಳುತ್ತವೆ, ಕಂದು ಕೆಸರು ಬಿಳಿ ಎಳೆಗಳ ಸಮೇತ ಮೇಲೇರುತ್ತದೆ. ನೀರು ತಿಳಿಯಾದ ಮೇಲೆ ಕೊಳವೆಯನ್ನು ಪಕ್ಕದ ಜಾಗಕ್ಕೆ ಸರಿಸಿ. ಈ ವಾರ ಅರ್ಧ ತಳ, ಮುಂದಿನ ವಾರ ಉಳಿದರ್ಧ. ಒಂದೇ ಸಲಕ್ಕೆ ಎಲ್ಲ ಕೆದಕಬೇಡಿ, ಜಲ್ಲಿಯಲ್ಲೂ ಒಳ್ಳೆಯ ಬ್ಯಾಕ್ಟೀರಿಯ ಇದೆ. ಪ್ರತಿ ಸಲ ಶೇಕಡ 25ರಿಂದ 30ರಷ್ಟು ನೀರು ತೆಗೆದು, ಕ್ಲೋರಿನ್ ಕಳೆದ, ಅಷ್ಟೇ ಬೆಚ್ಚಗಿನ ನೀರು ತುಂಬಿಸಿ. ಸ್ಪಾಂಜನ್ನು ಆ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ. ಅದು ಕೊಳಕಾಗಿ ಕಾಣುವುದು ಸಹಜ. ಹರಿವು ಸರಿಯಿದ್ದರೆ ಸಾಕು.

ಪ್ಲನೇರಿಯವನ್ನು ಬ್ಲೇಡಿನಿಂದ ಕೆರೆಯಬೇಡಿ, ತುಂಡಾದರೆ ಪ್ರತಿ ತುಂಡೂ ಇನ್ನೊಂದು ಹುಳುವಾಗಬಲ್ಲದು. ಸಣ್ಣ ಬಾಯಿಯ ಗಾಜಿನ ಬೋನಿನಲ್ಲಿ ಚೂರು ಮಾಂಸ ಇಟ್ಟು ರಾತ್ರಿ ಇಳಿಸಿ, ಬೆಳಕು ಹರಿಯುವ ಮುನ್ನ ಎತ್ತಿ. ಔಷಧಿಯೇ ಬೇಕೆಂದರೆ ಫೆನ್‌ಬೆಂಡಜೋಲ್ ಕೆಲಸ ಮಾಡುತ್ತದೆ, ಸೀಗಡಿಯೂ ತಾಳುತ್ತದೆ. ಆದರೆ ನೆರೈಟ್‌ನಂಥ ಬಸವನಹುಳುಗಳು ಸಾಯುತ್ತವೆ, ಮುಂಚೆಯೇ ಬೇರೆ ಪಾತ್ರೆಗೆ ಸಾಗಿಸಿ. ಜಲ್ಲಿಯಲ್ಲಿ ಅದರ ಅಂಶ ಬಹಳ ಕಾಲ ಉಳಿಯುವುದರಿಂದ ವಾರಕ್ಕೇ ವಾಪಸ್ ಬಿಡುವಂತಿಲ್ಲ. ಅಡಿಕೆ ಸಾರದ ಪುಡಿಯೂ ಸಿಗುತ್ತದೆ. ‘ನೈಸರ್ಗಿಕ’ ಎಂಬ ಪದ ನೋಡಿ ಮರುಳಾಗಬೇಡಿ, ಅದೂ ಅಂಥ ಬಸವನಹುಳುವಿಗೆ ಯಮನೇ. ಯಾವುದನ್ನೇ ಹಾಕಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಓಡುತ್ತಿರಲಿ, ಮರುದಿನ ಸತ್ತ ಹುಳುಗಳನ್ನು ಸೈಫನ್‌ನಿಂದ ಎತ್ತಿಬಿಡಿ.

ಈಗಾಗಲೇ ಔಷಧಿ ಸುರಿದು, ಮೀನು ಬಾಯಿ ಬಡಿಯುತ್ತಿದ್ದರೆ: ಕೂಡಲೇ ಅರ್ಧ ನೀರು ಬದಲಿಸಿ, ಏರ್ ಪಂಪ್ ಹಾಕಿ, ಆಹಾರ ಪೂರ್ತಿ ನಿಲ್ಲಿಸಿ, ಫಿಲ್ಟರಿಗೆ ಔಷಧಿ ಹೀರುವ ಆಕ್ಟಿವೇಟೆಡ್ ಕಾರ್ಬನ್ ಸೇರಿಸಿ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ದಿನವೂ ಅಳೆಯಿರಿ. ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಟ್ಯಾಂಕಿನ ಸ್ಪಾಂಜ್ ಸಿಕ್ಕರೆ ತಂದು ಹಾಕಿ, ವಾರಗಳ ಕಾಯುವಿಕೆ ತಪ್ಪುತ್ತದೆ.

ಆಹಾರ ತಗ್ಗಿಸಿದ ಮೂರು ನಾಲ್ಕು ವಾರದಲ್ಲಿ ಗಾಜಿನ ಮೇಲಿನ ಹುಳು ತಾನೇ ಕಡಿಮೆಯಾಗುತ್ತದೆ. ಜಲ್ಲಿಯೊಳಗೆ ಒಂದಿಷ್ಟು ಇದ್ದೇ ಇರುತ್ತದೆ, ಇರಲಿ. ಹಗಲಲ್ಲೇ ಅವೆಲ್ಲ ಜಲ್ಲಿ ಬಿಟ್ಟು ಗಾಜಿನ ಮೇಲ್ತುದಿಗೆ ಏರುತ್ತಿದ್ದರೆ ಕೆಳಗೆ ಆಮ್ಲಜನಕ ಸಾಲುತ್ತಿಲ್ಲವೆಂದು ತಿಳಿದು, ಮೊದಲು ಫಿಲ್ಟರಿನ ಬಾಯಿ ಕಟ್ಟಿಕೊಂಡಿದೆಯೇ ನೋಡಿ.