ನಕ್ಷೆಯಲ್ಲಿ ರಸ್ತೆ, ಎದುರಿಗೆ ಮೆಟ್ಟಿಲು: ಪಿಟ್ಸ್‌ಬರ್ಗ್‌ನ ಮೂರು ಕಡೆ ಬಾಡಿಗೆಗಿದ್ದು ನೋಡಿದ ಮೇಲೆ

ಅಮೆರಿಕದ ಪಿಟ್ಸ್‌ಬರ್ಗ್‌ಗೆ ಬರುತ್ತಿದ್ದೇನೆ, ಎಲ್ಲಿ ಮನೆ ಮಾಡಲಿ ಅಂತ ಯಾರಾದರೂ ಕೇಳಿದರೆ ನನ್ನ ಬಾಯಲ್ಲಿ ಬರುವುದು ಒಂದೇ ಹೆಸರು, ಸ್ಕ್ವಿರೆಲ್ ಹಿಲ್. ಪಕ್ಷಪಾತ ಅಂದರೆ ಒಪ್ಪಿಕೊಳ್ಳುತ್ತೇನೆ. ಮೂರೂವರೆ ವರ್ಷದಲ್ಲಿ ಮೂರು ಕಡೆ ಇದ್ದೆ. ಸೌತ್ ಸೈಡ್ ಸ್ಲೋಪ್ಸ್‌ನಲ್ಲಿ ಒಂದು ವರ್ಷ, ಲಾರೆನ್ಸ್‌ವಿಲ್‌ನಲ್ಲಿ ಏಳು ತಿಂಗಳು, ಉಳಿದದ್ದು ಇಲ್ಲಿ. ಮೊದಲನೆಯದನ್ನು ಕಣ್ಣಿಗೆ ಚೆಂದ ಅಂತ ಹಿಡಿದೆ. ಎರಡನೆಯದನ್ನು ಮೊದಲನೆಯದರಿಂದ ಓಡಿಹೋಗಲು ಹಿಡಿದೆ. ಮೂರನೆಯದನ್ನು ಮಾತ್ರ ಯೋಚನೆ ಮಾಡಿ ಹಿಡಿದೆ.

ಊರಲ್ಲಿ ಲೆಕ್ಕಕ್ಕೆ 90 ಬಡಾವಣೆಗಳಿವೆ. ನಾನು ನೋಡಿದ್ದು ಮೂರು. ಹಾಗಾಗಿ ಇದನ್ನು ಊರಿನ ಪೂರ್ತಿ ಪರಿಚಯ ಅಂದುಕೊಳ್ಳಬೇಡಿ. ಕೆಲಸ ವಿಶ್ವವಿದ್ಯಾಲಯಗಳಿರುವ ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಇರುವ, ಬಸ್ಸಲ್ಲಿ ಓಡಾಡುವ, ವರ್ಷಕ್ಕೊಮ್ಮೆ ಅಮ್ಮನನ್ನು ಕರೆಸಿಕೊಳ್ಳುವ ಒಬ್ಬಳ ಅನುಭವ ಅಷ್ಟೇ.

ಮೊದಲು ಈ ಊರಿನ ಮೈಕಟ್ಟು ತಿಳಿದಿರಬೇಕು. ಉತ್ತರದಿಂದ ಅಲೆಗೇನಿ, ದಕ್ಷಿಣದಿಂದ ಮೊನೊಂಗಹೇಲಾ, ಎರಡೂ ಡೌನ್‌ಟೌನ್ ತುದಿಯಲ್ಲಿ ಸೇರಿ ಒಹಾಯೊ ನದಿಯಾಗುತ್ತವೆ. ಸಮತಟ್ಟು ಜಾಗ ಇರುವುದೇ ನದಿ ದಡದಲ್ಲಿ. ಅದನ್ನೆಲ್ಲ ಉಕ್ಕಿನ ಕಾರ್ಖಾನೆಗಳು ಹಿಡಿದುಕೊಂಡವು. ಅವಕ್ಕೆ ನೀರು ಬೇಕು, ರೈಲು ಬೇಕು, ಕಲ್ಲಿದ್ದಲು ತರುವ ದೋಣಿ ನಿಲ್ಲಲು ಜಾಗ ಬೇಕು. ಕೆಲಸಗಾರರಿಗೆ ಉಳಿದದ್ದು ಗುಡ್ಡ. ಗುಡ್ಡದಲ್ಲಿ ಮನೆ, ಕೆಳಗೆ ಕೆಲಸ, ನಡುವೆ ಮೆಟ್ಟಿಲು. ಈಗ ನಗರದೊಳಗೆ ಉಕ್ಕಿನ ಕಾರ್ಖಾನೆಗಳಿಲ್ಲ. 1950ರಲ್ಲಿ 6.76 ಲಕ್ಷ ಇದ್ದ ಜನ 2020ರ ಹೊತ್ತಿಗೆ 3.03 ಲಕ್ಷಕ್ಕೆ ಇಳಿದರು. ಮೆಟ್ಟಿಲು ಮಾತ್ರ ಇದ್ದಲ್ಲೇ ಇವೆ. ಊರಿನಲ್ಲಿ ಅಂಥ ಸಾರ್ವಜನಿಕ ಮೆಟ್ಟಿಲುಗಳ ಸಾಲು 700ಕ್ಕೂ ಜಾಸ್ತಿ.

ಇನ್ನು ನನ್ನ ಕಥೆ.

ಸ್ಲೋಪ್ಸ್‌ನ ಮನೆಯ ಜಾಹೀರಾತಿನಲ್ಲಿ ‘ಬಸ್ ಸ್ಟಾಪ್‌ಗೆ ಎಂಟು ನಿಮಿಷ’ ಅಂತಿತ್ತು. ನಾನೂ ಫೋನಿನ ನಕ್ಷೆಯಲ್ಲಿ ನೋಡಿದೆ. ಮನೆ ಮುಂದಿನ ಬೀದಿ, ಅಲ್ಲಿಂದ ಎಡಕ್ಕೆ ಇನ್ನೊಂದು ಬೀದಿ, ನೇರ ಕೆಳಗೆ ಈಸ್ಟ್ ಕಾರ್ಸನ್ ಸ್ಟ್ರೀಟ್ ಕಡೆ. ಆ ಇನ್ನೊಂದು ಬೀದಿಗೆ ಹೆಸರಿತ್ತು, ಮನೆ ನಂಬರುಗಳಿದ್ದವು. ಬಾಡಿಗೆ 1,050 ಡಾಲರ್. ಫೋಟೊದಲ್ಲಿ ಅಡುಗೆಮನೆ ಕಿಟಕಿಯಿಂದ ನದಿ, ಸೇತುವೆ, ಡೌನ್‌ಟೌನ್ ದೀಪಗಳು. ಮಾತಾಡದೆ ಅಗ್ರಿಮೆಂಟಿಗೆ ಸಹಿ ಹಾಕಿದೆ.

ಮರುದಿನ ಬೆಳಗ್ಗೆ ಆ ಬೀದಿ ಹುಡುಕಿಕೊಂಡು ಹೋದೆ. ಬೀದಿಯ ಹೆಸರಿನ ಫಲಕ ಸರಿಯಾಗಿಯೇ ಇತ್ತು. ಫಲಕದ ಕೆಳಗೆ ರಸ್ತೆ ಇರಲಿಲ್ಲ. ಕಾಂಕ್ರೀಟಿನ ಮೆಟ್ಟಿಲುಗಳು ಎರಡು ಮನೆಗಳ ನಡುವೆ ನುಸುಳಿ ಕೆಳಗೆ ಹೋಗಿದ್ದವು. ಪಕ್ಕದಲ್ಲಿ ತುಕ್ಕು ಹಿಡಿದ ಪೈಪಿನ ಕಂಬಿ. ಈ ಊರಿನಲ್ಲಿ ಕೆಲವು ಮೆಟ್ಟಿಲುಗಳೇ ಕಾನೂನಿನ ಪ್ರಕಾರ ರಸ್ತೆಗಳು. ಅವುಗಳ ಮೇಲೇ ಮನೆ ಬಾಗಿಲು ತೆಗೆಯುವವರೂ ಇದ್ದಾರೆ. ಇದು ನನಗೆ ಗೊತ್ತಾಗಿದ್ದು ಸಹಿ ಹಾಕಿದ ಮೇಲೆ.

ಎಣಿಸಿದೆ, 187. ಇಳಿಯಲು ಎಂಟು ನಿಮಿಷ. ಜಾಹೀರಾತು ಹಾಕಿದವರು ಸುಳ್ಳೇನೂ ಹೇಳಿರಲಿಲ್ಲ. ಹತ್ತುವುದರ ಬಗ್ಗೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಸೆಪ್ಟೆಂಬರ್‌ನಲ್ಲಿ ಖುಷಿಯೇ ಆಯಿತು. ಜಿಮ್ಮಿನ ದುಡ್ಡು ಉಳಿಯಿತು ಅಂದುಕೊಂಡೆ. ಅಕ್ಟೋಬರ್‌ನಲ್ಲಿ ಎಲೆ ಉದುರಿ, ಮಳೆ ಬಿದ್ದು, ಮೆಟ್ಟಿಲೆಲ್ಲ ಜಾರು. ಇಲ್ಲಿಯವರು ಜಾರುವುದಕ್ಕೆ ‘ಸ್ಲಿಪ್ಪಿ’ ಅನ್ನುತ್ತಾರೆ. ಎದುರು ಮನೆ ಅಜ್ಜಿ ದಿನಾ ಬೆಳಗ್ಗೆ ವರಾಂಡದಿಂದ ಕೂಗಿ ಹೇಳುತ್ತಿದ್ದದ್ದು ಅದೊಂದೇ ಪದ. ಡಿಸೆಂಬರ್‌ನಲ್ಲಿ ಹಿಮ ಬಿತ್ತು. ಹಗಲು ಕರಗಿ ನೀರಾಗಿ, ರಾತ್ರಿ ಗಟ್ಟಿಯಾಗಿ, ಬೆಳಗ್ಗೆ ಪ್ರತಿ ಮೆಟ್ಟಿಲಿನ ಅಂಚಿಗೆ ಗಾಜಿನಂಥ ಪದರ. ಉಪ್ಪು ಸುರಿಯುವ ಗಾಡಿ ರಸ್ತೆಗೆ ಬರುತ್ತದೆ, ಮೆಟ್ಟಿಲಿಗೆ ಹೇಗೆ ಬರಬೇಕು? ನಾನೇ ಉಪ್ಪಿನ ಚೀಲ ತಂದು, ಒಂದು ಹಳೇ ಮೊಸರಿನ ಡಬ್ಬಿಯಲ್ಲಿ ತುಂಬಿಕೊಂಡು, ಎರಚುತ್ತಾ ಇಳಿಯುತ್ತಿದ್ದೆ. ಅರ್ಧಕ್ಕೆ ಬರುವಾಗ ಡಬ್ಬಿ ಖಾಲಿ.

ಬಿದ್ದದ್ದು ಎರಡು ಸಲ. ಒಂದು ಸಲ ಬರೀ ನಾಚಿಕೆ. ಇನ್ನೊಂದು ಸಲ ಸಂಜೆ, ಒಂದು ಕೈಯಲ್ಲಿ ಹತ್ತು ಪೌಂಡಿನ ಅಕ್ಕಿ ಚೀಲ, ಇನ್ನೊಂದರಲ್ಲಿ ಹಾಲಿನ ಕ್ಯಾನ್. ಕಂಬಿ ಹಿಡಿಯಲು ಮೂರನೇ ಕೈ ಇರಲಿಲ್ಲ. ಹಾಲು ಮೆಟ್ಟಿಲಿಂದ ಮೆಟ್ಟಿಲಿಗೆ ಹರಿದು ಹೋಗುವುದನ್ನು ಕೂತು ನೋಡಿದೆ. ಮೆಟ್ಟಿಲು ಹತ್ತುವುದು ಹರಕೆಗೆ ಸರಿ, ದಿನಸಿಗೆ ಅಲ್ಲ.

ಮೆಟ್ಟಿಲಿಗೆ ಹೆದರಿ ಜನವರಿಯಲ್ಲಿ ಒಂದು ಹಳೇ ಕಾರು ಕೊಂಡೆ. ಕಾರು ಸುತ್ತಿ ಬಳಸಿ ಮನೆ ಮುಂದಿನ ಬೀದಿಗೆ ಬರುತ್ತದೆ. ನಿಲ್ಲಿಸುವುದೆಲ್ಲಿ? ಇಲ್ಲಿ ಒಂದು ರೂಢಿ ಇದೆ. ಮನೆ ಮುಂದೆ ಹಿಮ ಬಾಚಿ ಜಾಗ ಮಾಡಿಕೊಂಡವರು ಅಲ್ಲಿ ಒಂದು ಹಳೇ ಕುರ್ಚಿ ಇಟ್ಟು ಹೋಗುತ್ತಾರೆ. ಕುರ್ಚಿ ಇದ್ದರೆ ಜಾಗ ಅವರದು. ಕಾನೂನಿನಲ್ಲಿ ಇಲ್ಲ, ಆದರೆ ಆ ಕುರ್ಚಿ ಸರಿಸುವ ಧೈರ್ಯ ಯಾರಿಗೂ ಇಲ್ಲ. ನಾನೂ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟೆ. ಗಾಳಿಗೆ ಹಾರಿ 187 ಮೆಟ್ಟಿಲೂ ಇಳಿದುಹೋಗಿತ್ತು. ಹುಡುಕಲು ಹೋಗಲಿಲ್ಲ.

ಮಾರ್ಚ್ ಕೊನೆಗೆ ಅಮ್ಮ ಬಂದರು. ಮಂಡಿ ನೋವು ಇರುವವರು. ಕಿಟಕಿ ಮುಂದೆ ನಿಂತು, ‘ಚೆನ್ನಾಗಿದೆ ಕಣೇ’ ಅಂದರು. ಕೆಳಗೆ ಹೋಗಿ ಬರೋಣ ಅಂತ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. ನೋಡಿದರು. ‘ನಾನು ಮಗಳ ಮನೆಗೆ ಬಂದೆನೋ, ಯಾತ್ರೆಗೆ ಬಂದೆನೋ?’ ಅಂದವರು ಹಿಂದಕ್ಕೆ ತಿರುಗಿದರು. ಕಾರಿನಲ್ಲಿ ನಾನು ಕರೆದುಕೊಂಡು ಹೋದರೆ ಹೊರಗೆ, ಇಲ್ಲದಿದ್ದರೆ ಎರಡು ತಿಂಗಳು ಆ ಕಿಟಕಿಯೇ ಅವರ ಊರು.

ನ್ಯಾಯವಾಗಿ ಹೇಳಬೇಕೆಂದರೆ ಸ್ಲೋಪ್ಸ್‌ನಂಥ ನೋಟ ಮತ್ತೆ ಸಿಕ್ಕಿಲ್ಲ. ಕೆಳಗೆ ಜೋನ್ಸ್ ಅಂಡ್ ಲಾಫ್ಲಿನ್ ಉಕ್ಕಿನ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಅಂಗಡಿ, ಆಫೀಸು, ಅಪಾರ್ಟ್‌ಮೆಂಟು. ಪಕ್ಕದಲ್ಲೇ ಹಾಟ್ ಮೆಟಲ್ ಸೇತುವೆ. ನದಿಯ ಆಚೆ ದಡದ ಕುಲುಮೆಯಲ್ಲಿ ಕರಗಿದ ಕಬ್ಬಿಣವನ್ನು, ಆರುವ ಮೊದಲು, ರೈಲಿನಲ್ಲಿ ಈಚೆಗೆ ತರಲು ಕಟ್ಟಿದ್ದು. ಇವತ್ತು ಅದರ ಮೇಲೆ ಜನ ನಾಯಿ ಹಿಡಿದು ವಾಕಿಂಗ್ ಹೋಗುತ್ತಾರೆ. ಭಾನುವಾರ ಬೆಳಗ್ಗೆ ನಾನೂ ಹೋಗುತ್ತಿದ್ದೆ. ಶನಿವಾರ ರಾತ್ರಿ ಕಾರ್ಸನ್ ಸ್ಟ್ರೀಟ್ ಕಡೆ ಹೋಗುತ್ತಿರಲಿಲ್ಲ. ಬಾರುಗಳ ಗಲಾಟೆ ಗುಡ್ಡದ ಮೇಲಕ್ಕೂ ಕೇಳುತ್ತಿತ್ತು.

ಲಾರೆನ್ಸ್‌ವಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲೆಗೇನಿ ದಡದಲ್ಲಿದೆ, ನಾನಿದ್ದ ಬಟ್ಲರ್ ಸ್ಟ್ರೀಟ್ ಹತ್ತಿರ ನೆಲ ಸಮ. ಗೋಡೆಗೆ ಗೋಡೆ ಅಂಟಿದ ಇಟ್ಟಿಗೆ ಮನೆಗಳ ಸಾಲು. ಮಕ್ಕಳ ಆಸ್ಪತ್ರೆ 2009ರಲ್ಲಿ ಇಲ್ಲಿಗೆ ಬಂತು, ಹಳೇ ಕಾರ್ಖಾನೆ ಕಟ್ಟಡಗಳಿಗೆ ರೋಬೋಟ್ ಕಂಪನಿಗಳು ಬಂದವು. ಬಾಡಿಗೆ ಮೇಲೆ ಹೋಯಿತು. ನಾನು ಒಂದೇ ಬೆಡ್‌ರೂಮಿಗೆ 1,700 ಡಾಲರ್ ಕೊಟ್ಟೆ. ಕಾಫಿ ಚೆನ್ನಾಗಿ ಸಿಗುತ್ತದೆ. ಕಾಫಿ ಮನೆಯಲ್ಲೇ ಮಾಡಿಕೊಳ್ಳುವವಳಿಗೆ ಅದರಿಂದೇನು?

ಒಂದು ವಿಷಯ ಮಾತ್ರ ಹೇಳಲೇಬೇಕು. ಆ ಮನೆಯ ಬೇಸ್‌ಮೆಂಟಿಗೆ ಬಟ್ಟೆ ಒಗೆಯಲು ಇಳಿದೆ. ನಟ್ಟನಡುವೆ ಒಂದು ಕಮೋಡ್. ಸುತ್ತ ಗೋಡೆ ಇಲ್ಲ, ಬಾಗಿಲಿಲ್ಲ, ಪರದೆ ಕೂಡ ಇಲ್ಲ. ಬಲಗಡೆ ವಾಷಿಂಗ್ ಮಷಿನ್, ಎಡಗಡೆ ಬಾಯ್ಲರ್, ನಡುವೆ ಮಹಾರಾಜನ ಹಾಗೆ ಅದು. ಇದಕ್ಕೆ ‘ಪಿಟ್ಸ್‌ಬರ್ಗ್ ಟಾಯ್ಲೆಟ್’ ಅಂತಲೇ ಹೆಸರು, ಹಳೇ ಮನೆಗಳಲ್ಲಿ ಮಾಮೂಲು. ಕಾರ್ಖಾನೆಯಿಂದ ಮಸಿ ಮೆತ್ತಿಕೊಂಡು ಬಂದವರು ಬೇಸ್‌ಮೆಂಟ್ ಬಾಗಿಲಿಂದ ಬಂದು, ಇಲ್ಲೇ ತೊಳೆದುಕೊಂಡು ಮೇಲೆ ಹೋಗಲಿ ಅಂತ ಇಟ್ಟದ್ದು ಅನ್ನುತ್ತಾರೆ. ಚರಂಡಿ ನೀರು ಉಕ್ಕಿ ಬಂದರೆ ಕೆಳಗೇ ಉಕ್ಕಲಿ ಅಂತ ಇಟ್ಟದ್ದು ಅನ್ನುವವರೂ ಇದ್ದಾರೆ. ನಾನಂತೂ ಅದರ ಮೇಲೆ ಸೋಪಿನ ಪುಡಿ ಡಬ್ಬಿ ಇಡುತ್ತಿದ್ದೆ.

ಮೆಟ್ಟಿಲಿನ ಕಾಟ ಇಲ್ಲ ಅಂತ ಕಾರು ಮಾರಿದ್ದೆ. ಮನೆ ಹತ್ತಿರದಿಂದ ಡೌನ್‌ಟೌನ್‌ಗೆ ಬಸ್ ಸುಲಭ, ಓಕ್‌ಲ್ಯಾಂಡ್‌ಗೆ ಕಾಯಬೇಕು. ಏಳು ತಿಂಗಳು ಕಾದೆ. ಜೇಬು ಬರಿದಾಯಿತು.

ಈಗ ಸ್ಕ್ವಿರೆಲ್ ಹಿಲ್. ಹೆಸರಲ್ಲೇ ಹಿಲ್ ಇದೆಯಲ್ಲ, ಮತ್ತೆ ಗುಡ್ಡಕ್ಕೇ ಬಂದೆಯಾ ಅಂತ ಗೆಳತಿ ನಕ್ಕಳು. ಏರು ಇದೆ. ಮರ್ರೇ ಅವೆನ್ಯೂ ಕೆಳಗಿನ ತುದಿಯಿಂದ ಮೇಲಕ್ಕೆ ನಡೆದರೆ ಉಸಿರು ಮೇಲೆ ಕೆಳಗೆ ಆಗುತ್ತದೆ. ಆದರೆ ಆ ಏರಿಗೆ ಬಸ್ಸಿದೆ. 61ರ ಸಾಲಿನ ಬಸ್ಸುಗಳು ಫೋರ್ಬ್ಸ್ ಅವೆನ್ಯೂ ಮೇಲೆ ಓಕ್‌ಲ್ಯಾಂಡ್‌ಗೆ ಹೋಗುತ್ತವೆ, 2.75 ಡಾಲರ್ ಟಿಕೆಟ್. ವಿಶ್ವವಿದ್ಯಾಲಯದ 42 ಮಹಡಿಯ ಕಟ್ಟಡ ಕೆಥೆಡ್ರಲ್ ಆಫ್ ಲರ್ನಿಂಗ್ ಕಾಣುವಷ್ಟರಲ್ಲಿ ನನ್ನ ಸ್ಟಾಪ್ ಬಂತು ಅಂತ ಲೆಕ್ಕ. ಬಾಡಿಗೆ 1,400. ಹಳೇ ಅಪಾರ್ಟ್‌ಮೆಂಟು, ನೆಲ ಕಿರುಗುಟ್ಟುತ್ತದೆ, ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ಗೋಡೆ. ಬಾಗಿಲಿಂದ ಬೀದಿಗೆ ನಾಲ್ಕೇ ಮೆಟ್ಟಿಲು.

ಫೋರ್ಬ್ಸ್ ಮತ್ತು ಮರ್ರೇ ಸೇರುವ ಮೂಲೆಯಲ್ಲಿ ಕಾರ್ನೆಗಿ ಲೈಬ್ರರಿಯ ಶಾಖೆ ಇದೆ. ಹೋದ ಸಲ ಅಮ್ಮ ಬಂದಾಗ ಮೂರನೇ ದಿನಕ್ಕೇ ಒಬ್ಬರೇ ಹೋಗಿ ಬಂದರು. ಇಂಗ್ಲಿಷ್ ಪೇಪರ್ ತಿರುವಿ ಹಾಕುವುದು, ಕಿಟಕಿ ಹತ್ತಿರ ಕೂತು ಬೀದಿ ನೋಡುವುದು, ಬರುವಾಗ ಮರ್ರೇ ಮೇಲೆ ಕೊತ್ತಂಬರಿ ಸೊಪ್ಪು ತರುವುದು. ಬಹಳ ಕಾಲದಿಂದ ಯಹೂದಿಗಳು ಇರುವ ಬಡಾವಣೆ. ಶನಿವಾರ ಬೆಳಗ್ಗೆ ಮನೆ ಮಂದಿಯೆಲ್ಲ ಶುಭ್ರ ಬಟ್ಟೆ ತೊಟ್ಟು ಪ್ರಾರ್ಥನೆಗೆ ನಡೆದೇ ಹೋಗುತ್ತಾರೆ. ಅಮ್ಮನಿಗೆ ಅದನ್ನು ನೋಡುವುದು ಇಷ್ಟ. ಒಂದು ಕಡೆ ಶೆನ್ಲಿ ಪಾರ್ಕ್, ಇನ್ನೊಂದು ಕಡೆ ಫ್ರಿಕ್ ಪಾರ್ಕ್, ವಾಕಿಂಗ್‌ಗೆ ಕೊರತೆಯಿಲ್ಲ. 2022ರ ಜನವರಿಯಲ್ಲಿ ಫ್ರಿಕ್ ಪಾರ್ಕಿನ ಮೇಲಿನ ಫರ್ನ್ ಹಾಲೊ ಸೇತುವೆ ಕುಸಿದದ್ದು ಈ ಫೋರ್ಬ್ಸ್ ಅವೆನ್ಯೂ ಮೇಲೇ, 61ಬಿ ಬಸ್ ಸಮೇತ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ವರ್ಷದೊಳಗೆ ಹೊಸದು ಕಟ್ಟಿದರು. ಅದರ ಮೇಲೆ ಹೋಗುವಾಗ ಈಗಲೂ ಒಂದು ಕ್ಷಣ ಕಾಲು ಬಿಗಿಹಿಡಿಯುತ್ತೇನೆ, ಸುಮ್ನೆ.

ಇಲ್ಲಿನ ತಕರಾರು ಒಂದೇ, ಸುರಂಗ. ಊರಾಚೆಯ ಪೆನ್ ಹಿಲ್ಸ್‌ನಲ್ಲಿ 1976ರಿಂದ ವೆಂಕಟೇಶ್ವರ ದೇವಸ್ಥಾನ ಇದೆ, ಅಮೆರಿಕದ ಹಳೇ ದೇವಸ್ಥಾನಗಳಲ್ಲಿ ಒಂದು. ಅಲ್ಲಿಗೋ, ಬೇಳೆ, ಸಾಂಬಾರ ಪುಡಿಗೆ ಅದೇ ದಿಕ್ಕಿನ ಇನ್ನೊಂದು ಹೊರ ಊರು ಮನ್ರೋವಿಲ್‌ಗೋ ಹೋಗಬೇಕೆಂದರೆ ಹೈವೇಯಲ್ಲಿ ಸ್ಕ್ವಿರೆಲ್ ಹಿಲ್ ಸುರಂಗ ದಾಟಬೇಕು. ಸುರಂಗದ ಬಾಯಿ ಕಂಡ ಕೂಡಲೇ ಇಡೀ ಊರು ಬ್ರೇಕ್ ಒತ್ತುತ್ತದೆ. ಒಳಗೆ ಏನೂ ಅಡ್ಡಿ ಇಲ್ಲ, ಸಿಗ್ನಲ್ ಇಲ್ಲ, ಸುಮ್ಮನೆ ನಿಧಾನ. ದೇವರ ದರ್ಶನಕ್ಕಿಂತ ಮೊದಲು ಅರ್ಧ ಗಂಟೆ ಮುಂದಿನ ಕಾರಿನ ಕೆಂಪು ದೀಪದ ದರ್ಶನ.

ವಾಸನೆ ವಿಷಯದಲ್ಲಿ ಮೂರೂ ಒಂದೇ. ಉಕ್ಕಿನ ಕಾಲ ಮುಗಿಯಿತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೊನೊಂಗಹೇಲಾ ನದಿಯ ಮೇಲ್ಭಾಗದ ಕ್ಲೇರ್ಟನ್‌ನಲ್ಲಿ ಕಲ್ಲಿದ್ದಲು ಬೇಯಿಸಿ ಉಕ್ಕಿನ ಕುಲುಮೆಗೆ ಬೇಕಾದ ಕೋಕ್ ಮಾಡುವ ಕೆಲಸ ಈಗಲೂ ನಡೆಯುತ್ತದೆ, ಬ್ರಾಡಕ್‌ನಲ್ಲಿ 1875ರಲ್ಲಿ ಶುರುವಾದ ಕಾರ್ಖಾನೆ ಇನ್ನೂ ಇದೆ. ಗಾಳಿ ಆಡದ ಚಳಿ ಬೆಳಗ್ಗೆ ಕಿಟಕಿ ತೆಗೆದರೆ ಕೊಳೆತ ಮೊಟ್ಟೆ ವಾಸನೆ. ನಾನು ಗ್ಯಾಸ್ ಸೋರುತ್ತಿದೆ ಅಂತ ಒಲೆಯ ಗುಂಡಿಗಳನ್ನೆಲ್ಲ ತಿರುಗಿಸಿ ನೋಡಿದ್ದೆ. ಆಸ್ತಮಾ ಇದ್ದವರು ಈ ಲೆಕ್ಕ ಮೊದಲೇ ಹಾಕಿಕೊಳ್ಳಿ.

ತೆರಿಗೆಯೂ ಮೂರೂ ಕಡೆ ಒಂದೇ. ನಗರದ ಗಡಿಯೊಳಗೆ ವಾಸ ಮಾಡಿದರೆ ಸಂಬಳದ ಮೇಲೆ ಶೇ. 3 ಸ್ಥಳೀಯ ತೆರಿಗೆ. ಹೊರಗಿನ ಹಲವು ಊರುಗಳಲ್ಲಿ ಅದು ಶೇ. 1. ಕಾರಿದ್ದು, ಸುರಂಗಕ್ಕೆ ಹೆದರದವರು ಮನ್ರೋವಿಲ್ ಕಡೆ ಹೋಗುವುದರಲ್ಲಿ ಅರ್ಥವಿದೆ. ನನಗೆ ಕಾರು ಬೇಡ, ಹಾಗಾಗಿ ಆ ಶೇ. 2 ಬಸ್ಸಿಗೆ ಕೊಟ್ಟೆ ಅಂದುಕೊಳ್ಳುತ್ತೇನೆ.

ವಯಸ್ಸು ಇಪ್ಪತ್ತೈದರೊಳಗೆ, ಮಂಡಿ ಗಟ್ಟಿ, ನೋಡಲು ಬರುವ ಅಪ್ಪ ಅಮ್ಮ ಇಲ್ಲ ಅಂದರೆ ಸ್ಲೋಪ್ಸ್ ಹಿಡಿಯಿರಿ, 350 ಡಾಲರ್ ಉಳಿಯುತ್ತದೆ. ಸಂಬಳ ಚೆನ್ನಾಗಿದ್ದು, ಸಂಜೆ ಹೊರಗೆ ತಿನ್ನುವವರಿಗೆ ಲಾರೆನ್ಸ್‌ವಿಲ್. ನಾನು ಸ್ಕ್ವಿರೆಲ್ ಹಿಲ್ ಮನೆಗೆ ಇನ್ನೊಂದು ವರ್ಷದ ಸಹಿ ಹಾಕಿದ್ದೇನೆ.

ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಹುಡುಗ ಹೋದ ವಾರ ಸ್ಲೋಪ್ಸ್‌ನಲ್ಲಿ ಒಂದು ಮನೆ ನೋಡಿ ಬಂದ. ಕಿಟಕಿಯ ಫೋಟೊ ತೋರಿಸಿದ. ಅದೇ ನದಿ, ಅದೇ ಸೇತುವೆ. ಬಸ್ ಸ್ಟಾಪ್ ಎಷ್ಟು ದೂರ ಅಂತ ಕೇಳಿದೆ. ‘ಎಂಟೇ ನಿಮಿಷ ಅಕ್ಕಾ’ ಅಂದ.