ಫಿಟ್ಸ್ ಎಚ್ಚರಿಕೆ ವಾಚು: ಕೆಲಸದ ಜಾಗದಲ್ಲಿ ಎಷ್ಟು ಪ್ರಯೋಜನ?

ಅಪಸ್ಮಾರವಿರುವ ಸಹೋದ್ಯೋಗಿಗೆ ಮಣಿಕಟ್ಟಿನ ಎಚ್ಚರಿಕೆ ವಾಚು ಕೊಡಿಸುವವರು ಒಂದನ್ನು ಮೊದಲೇ ತಿಳಿದಿರಬೇಕು: ಫಿಟ್ಸ್ ಶುರುವಾದ ಮೇಲಷ್ಟೇ ಅದು ಕೂಗುತ್ತದೆ. ಕೈ ಒಂದೇ ಲಯದಲ್ಲಿ ಜೋರಾಗಿ ಅದುರುವುದನ್ನು ಒಳಗಿನ ಸೆನ್ಸರ್ ಹಿಡಿಯುತ್ತದೆ. ಕೆಲವು ಮಾದರಿಗಳು ಚರ್ಮದ ಬೆವರನ್ನೂ ನಾಡಿಬಡಿತವನ್ನೂ ಗಮನಿಸುತ್ತವೆ. ಅಷ್ಟರಲ್ಲಿ ವ್ಯಕ್ತಿ ಬಿದ್ದಾಗಿರುತ್ತದೆ. ವಾಚಿದೆಯಲ್ಲ ಎಂದು ಏಣಿ ಹತ್ತಿಸುವುದು, ಫೋರ್ಕ್‌ಲಿಫ್ಟ್ ಕೊಡುವುದು ಸಲ್ಲದು.

ಸ್ಟೋರ್ ರೂಮಿನಂತೆ ಒಬ್ಬರೇ ಇರುವ ಕಡೆ ಮಾತ್ರ ಇದು ನಿಜವಾಗಿ ಬೆಲೆಬಾಳುವ ವಸ್ತು. ಬಿದ್ದವರು ಯಾರಿಗೂ ಗೊತ್ತಾಗದೆ ಮಲಗಿರುವ ಅಪಾಯ ಕಡಿಮೆಯಾಗುತ್ತದೆ.

ಕೈಕೊಡುವುದು ಹೆಚ್ಚಾಗಿ ಫೋನಿನ ಕಡೆಯಿಂದ. ಬಹುತೇಕ ಮಾದರಿಗಳು ಬ್ಲೂಟೂತ್ ಮೂಲಕ ಫೋನಿಗೆ ಹೇಳುತ್ತವೆ, ಫೋನು ಉಳಿದವರಿಗೆ ತಿಳಿಸುತ್ತದೆ. ಫೋನ್ ಲಾಕರಿನಲ್ಲಿದ್ದರೆ, ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ, ಬ್ಯಾಟರಿ ಉಳಿಸಲು ಫೋನು ಆಪ್ ಮುಚ್ಚಿಬಿಟ್ಟರೆ ಯಾರಿಗೂ ಸುದ್ದಿಯಿಲ್ಲ. ಪಟ್ಟಿ ಸಡಿಲವಾದರೂ ಸೆನ್ಸರ್ ತಪ್ಪುತ್ತದೆ. ಸುತ್ತಿಗೆ, ಡ್ರಿಲ್, ಬ್ರಷ್‌ನಿಂದ ಉಜ್ಜುವ ಕೆಲಸದಲ್ಲಿ ಸುಳ್ಳು ಕರೆ ಬರುತ್ತದೆ. ಪದೇಪದೇ ಬಂದರೆ ಜನ ಓಡುವುದನ್ನೇ ಬಿಡುತ್ತಾರೆ. ಇದಕ್ಕೇ ನಮಗೆ ಹೆಚ್ಚು ಭಯ. ಕೊಳ್ಳುವ ಮುನ್ನ ಅದೇ ಕೆಲಸದಲ್ಲಿ ಕೆಲವು ದಿನ ಕಟ್ಟಿ ನೋಡಿ.

ಕರೆ ಹೋಗಬೇಕಾದದ್ದು ಅದೇ ಪಾಳಿಯ, ಅದೇ ಮಹಡಿಯ ಕನಿಷ್ಠ ಇಬ್ಬರಿಗೆ. ಮನೆಯವರಿಗೆ ಆಮೇಲೆ. ಯಾರಿಗೆ ತಿಳಿಸಬೇಕೆಂದು ಉದ್ಯೋಗಿಯೇ ಹೇಳಲಿ. ಅವರ ಒಪ್ಪಿಗೆಯಿಲ್ಲದೆ ವಾಚು ಕಟ್ಟಿಸಬೇಡಿ. ತಿಂಗಳಿಗೊಮ್ಮೆ ಪರೀಕ್ಷೆಯ ಕರೆ ಮಾಡಿ, ಜನ ಮುಟ್ಟಲು ಎಷ್ಟು ಹೊತ್ತಾಯಿತೆಂದು ಅಳೆಯಿರಿ. ಶೌಚಾಲಯದ ಚಿಲಕ ಹೊರಗಿನಿಂದ ತೆರೆಯುವಂತಿರಬೇಕು.

ಬಂದವರು ಮೊದಲು ಗಡಿಯಾರ ನೋಡಬೇಕು. ತಲೆಯಡಿ ಮೆತ್ತನೆಯದ್ದು ಇಡಿ, ಗಟ್ಟಿ ವಸ್ತು ಸರಿಸಿ, ಕತ್ತಿನ ಬಳಿ ಬಿಗಿಯಿದ್ದರೆ ಸಡಿಲಿಸಿ. ಅದುಮಿ ಹಿಡಿಯಬೇಡಿ, ಬಾಯಿಗೆ ಏನನ್ನೂ ಹಾಕಬೇಡಿ. ಅದುರು ನಿಂತೊಡನೆ ಮಗ್ಗುಲಾಗಿಸಿ. 5 ನಿಮಿಷ ದಾಟಿದರೆ, ಪ್ರಜ್ಞೆ ಬರುವ ಮುನ್ನ ಮತ್ತೊಮ್ಮೆ ಬಂದರೆ, ಉಸಿರಾಟ ಸರಿಹೋಗದಿದ್ದರೆ ಆಂಬುಲೆನ್ಸ್ ಕರೆಯಿರಿ. ಆಮೇಲೂ ಗೊಂದಲ ಇರುತ್ತದೆ. ಪೂರ್ತಿ ತಿಳಿಯಾಗುವವರೆಗೆ ಒಬ್ಬರು ಪಕ್ಕದಲ್ಲಿರಲಿ, ಒಂಟಿಯಾಗಿ ಮನೆಗೆ ಕಳಿಸಬೇಡಿ.

ನಿದ್ದೆಗೆಟ್ಟರೆ ಫಿಟ್ಸ್ ಬರುವವರು ಬಹಳ. ಅಂಥವರಿಗೆ ವಾಚಿಗಿಂತ ಮೊದಲು ಬದಲಾಗದ ಹಗಲು ಪಾಳಿ ಕೊಡಿ, ಅದಕ್ಕೆ ಖರ್ಚೂ ಇಲ್ಲ.

ಇನ್ನು, ಬೀಳದೆ, ಅದುರದೆ ಕೆಲ ಹೊತ್ತು ಕಣ್ಣು ನೆಟ್ಟು ನಿಲ್ಲುವ, ತುಟಿ ಚಪ್ಪರಿಸುವ, ಬಟ್ಟೆ ಎಳೆದಾಡುವ ಬಗೆಯ ಸೆಳವನ್ನು ಈ ವಾಚುಗಳು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಅಂಥ ಸೆಳವಿರುವವರಿಗೆ ಇದನ್ನು ಕೊಳ್ಳಬೇಡಿ. ಅವರು ಯಂತ್ರದ ಬಳಿ ಕೆಲಸ ಮಾಡುವುದಾದರೆ ಆ ಹಣದಲ್ಲಿ ಯಂತ್ರಕ್ಕೆ ಗಾರ್ಡ್ ಹಾಕಿಸಿ, ಕೈ ಬಿಟ್ಟೊಡನೆ ನಿಲ್ಲುವ ಸ್ವಿಚ್ ಕೂರಿಸಿ.